ಎನ್‌ಪಿಎಚ್‌ಗೆ ಶಂಟ್ ಹಾಕಿ ಐದು ವಾರ: ಎದ್ದು ಕೂತರೆ ತಲೆನೋವು, ಮೂತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ

ತುಂಗಾತೀರ

ಹೆಂಡತಿಗೆ 64 ವರ್ಷ. ನಾರ್ಮಲ್ ಪ್ರೆಶರ್ ಹೈಡ್ರೊಸೆಫಾಲಸ್ (ಎನ್‌ಪಿಎಚ್, ಮಿದುಳಿನ ಕೋಣೆಗಳಲ್ಲಿ ನೀರು ತುಂಬಿ ನಡಿಗೆ, ಮೂತ್ರ, ನೆನಪು ಕೆಡುವ ರೋಗ) ಅಂತ ಗೊತ್ತಾಗಿ ಐದು ವಾರದ ಹಿಂದೆ ಬೆಂಗಳೂರಿನಲ್ಲಿ ವಿಪಿ ಶಂಟ್, ಅಂದರೆ ಆ ನೀರನ್ನು ಹೊಟ್ಟೆಗೆ ಇಳಿಸುವ ಪೈಪ್, ಹಾಕಿದ್ದಾರೆ. ನಾವಿರುವುದು ಶಿವಮೊಗ್ಗದಲ್ಲಿ. ವಿವರ ಎಲ್ಲಾ ಒಟ್ಟಿಗೇ ಕೊಡುತ್ತೇನೆ.

ಆಪರೇಷನ್‌ಗೆ ಮುಂಚೆ ಬೆನ್ನಿನಿಂದ 40 ಎಂಎಲ್ ನೀರು ತೆಗೆದು ನಡಿಗೆ ನೋಡಿದ್ದರು. 10 ಮೀಟರ್ ನಡೆಯಲು 31 ಸೆಕೆಂಡ್ ಹಿಡಿಯುತ್ತಿದ್ದದ್ದು ಮರುದಿನ 22ಕ್ಕೆ ಇಳಿದಿತ್ತು. ನೀರಿನ ಹರಿವನ್ನು ಹಿಡಿತದಲ್ಲಿಡುವ ವಾಲ್ವ್, ಹೊರಗಿನಿಂದಲೇ ಸೆಟ್ಟಿಂಗ್ ಬದಲಿಸಬಹುದಾದ್ದು, ಸ್ಟ್ರಾಟಾ ಅನ್ನುವ ಮಾದರಿ. ಈಗ 1.5ರಲ್ಲಿದೆ. ಬಲಗಿವಿಯ ಹಿಂದೆ ಕೈಗೆ ಸಿಗುತ್ತದೆ. ಹೊಲಿಗೆ ಒಣಗಿದೆ, ಜ್ವರ ಇಲ್ಲ. ಹೃದಯದ ಸಲುವಾಗಿ ಆಸ್ಪಿರಿನ್ 75 ತೆಗೆದುಕೊಳ್ಳುತ್ತಾಳೆ.

ನಡಿಗೆ ನಿಜಕ್ಕೂ ಸುಧಾರಿಸಿದೆ. ಆದರೆ ಮೂತ್ರ ದಿನಕ್ಕೆ ಮೂರ್ನಾಲ್ಕು ಸಲ ಬಟ್ಟೆಯಲ್ಲೇ ಆಗುತ್ತದೆ. ಮತ್ತೆ ಈ ಎಂಟು ದಿನದಿಂದ ಹೊಸದಾಗಿ ತಲೆನೋವು. ಬೆಳಿಗ್ಗೆ ಎದ್ದಾಗ ಇರುವುದಿಲ್ಲ, ಹತ್ತು ಗಂಟೆ ಹೊತ್ತಿಗೆ ಶುರುವಾಗುತ್ತದೆ, ಮಲಗಿದರೆ ಇಪ್ಪತ್ತು ನಿಮಿಷದಲ್ಲಿ ಹೋಗುತ್ತದೆ. ಇಲ್ಲಿನ ಡಾಕ್ಟರು ಗ್ಯಾಸ್ ಇರಬೇಕು ಅಂದು ಮಾತ್ರೆ ಕೊಟ್ಟರು.

ಇದು ಸಹಜವೇ, ಬೆಂಗಳೂರಿಗೆ ಹೋಗಬೇಕೇ? ಮನೆಯಲ್ಲಿ ಏನೇನು ಬದಲಿಸಿಕೊಳ್ಳಬೇಕು? ಮುಂದಿನ ತಿಂಗಳು ತಿರುಪತಿಯಲ್ಲಿ ಮುಡಿ ಕೊಡುವ ಹರಕೆ ಒಂದಿದೆ, ಅದರ ಬಗ್ಗೆಯೂ ಗೊತ್ತಿದ್ದವರು ಹೇಳಿ.

ನ್ಯೂರೋವಾರ್ಡ್_ಸಿಸ್ಟರ್

ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ತಲೆನೋವು. ಎದ್ದು ಓಡಾಡಿದಾಗ ಬಂದು ಮಲಗಿದರೆ ಹೋಗುವ ತಲೆನೋವು ಶಂಟ್ ಇರುವವರಲ್ಲಿ ಗ್ಯಾಸ್ ಅಲ್ಲ. ನೀರು ಬೇಕಾದ್ದಕ್ಕಿಂತ ಹೆಚ್ಚು ಇಳಿಯುತ್ತಿದೆ ಅನ್ನುವುದರ ಗುರುತು ಅದು. ಇಂದೇ ಆಪರೇಷನ್ ಮಾಡಿದ ವಿಭಾಗಕ್ಕೆ ಫೋನ್ ಮಾಡಿ. ಕಾಂಟ್ರಾಸ್ಟ್ ಇಲ್ಲದ ತಲೆಯ ಸಿಟಿ ಶಿವಮೊಗ್ಗದಲ್ಲೇ ಮಾಡಿಸಬಹುದು, ಅದಕ್ಕೋಸ್ಕರ ಬೆಂಗಳೂರಿಗೆ ಓಡಬೇಕಿಲ್ಲ.

ಯಾಕೆ ಹೀಗಾಗುತ್ತದೆ ಅಂದರೆ: ಮಿದುಳಿನ ಒಳಗೆ ದಿನಕ್ಕೆ ಸುಮಾರು 500 ಎಂಎಲ್ ನೀರು ಹುಟ್ಟುತ್ತದೆ. ಯಾವುದೇ ಹೊತ್ತಿನಲ್ಲಿ ಒಳಗಿರುವುದು 150 ಎಂಎಲ್ ಆಸುಪಾಸು. ಶಂಟ್ ಇದರಲ್ಲಿ ಒಂದಷ್ಟನ್ನು ಹೊಟ್ಟೆಗೆ ಇಳಿಸುತ್ತದೆ. ಮಲಗಿದಾಗ ತಲೆಯೂ ಹೊಟ್ಟೆಯೂ ಒಂದೇ ಮಟ್ಟ. ಎದ್ದು ನಿಂತರೆ ಕ್ಯಾನಿನಿಂದ ಸೀಮೆಎಣ್ಣೆ ತೆಗೆಯಲು ಪೈಪ್ ಬಾಯಲ್ಲಿ ಎಳೆದು ಕೆಳಗೆ ಬಿಟ್ಟ ಹಾಗೆ, ಪೈಪಿನೊಳಗಿನ ನೀರಿನ ಭಾರವೇ ಮೇಲಿನದನ್ನು ಎಳೆಯುತ್ತದೆ. ಕೆಲವು ವಾಲ್ವ್‌ಗಳಲ್ಲಿ ಇದಕ್ಕೆ ತಡೆ ಇರುತ್ತದೆ, ಆದರೂ ವಯಸ್ಸಾದವರಲ್ಲಿ ಮಿದುಳು ಸ್ವಲ್ಪ ಕುಗ್ಗಿರುವುದರಿಂದ ಹೀಗಾಗಬಹುದು. ಜಾಸ್ತಿ ಎಳೆದರೆ ಮಿದುಳು ತಲೆಬುರುಡೆಯಿಂದ ಒಳಕ್ಕೆ ಸರಿದು ಆ ಸಂದಿಯಲ್ಲಿ ನೀರಿನ ಪದರ ಕಟ್ಟುತ್ತದೆ. ಅದು ಹೈಗ್ರೊಮಾ. ಅಲ್ಲಿನ ಸಣ್ಣ ರಕ್ತನಾಳ ಹಿಗ್ಗಿ ಹರಿದರೆ ರಕ್ತ ಸೇರುತ್ತದೆ, ಅದು ಸಬ್‌ಡ್ಯೂರಲ್. ರಕ್ತ ತೆಳುಮಾಡುವ ಆಸ್ಪಿರಿನ್ ಇರುವುದರಿಂದ ನಾನು ತಡಮಾಡಬೇಡಿ ಅನ್ನುತ್ತಿರುವುದು. ಹಾಗಂತ ಆಸ್ಪಿರಿನ್ ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಇದ್ದರಂತೂ ಅದು ಬೇರೆಯೇ ಅಪಾಯ. ನ್ಯೂರೋಸರ್ಜನ್, ಹೃದಯದ ಡಾಕ್ಟರು ಇಬ್ಬರೂ ಮಾತಾಡಿಕೊಂಡು ಹೇಳಲಿ.

ಸಿಟಿ ಮಾಡಿಸುವಾಗ ಆಪರೇಷನ್ ಆದ ಮೇಲೆ ತೆಗೆದ ಹಳೆಯ ಸಿಟಿಯ ಸಿಡಿ ಜೊತೆಗೆ ಒಯ್ಯಿರಿ. ಇಲ್ಲದಿದ್ದರೆ ರಿಪೋರ್ಟಿನಲ್ಲಿ "ಕೋಣೆಗಳು ದೊಡ್ಡದಾಗಿವೆ, ಹೈಡ್ರೊಸೆಫಾಲಸ್" ಅಂತ ಬರೆದು ನಿಮ್ಮನ್ನು ಹೆದರಿಸುತ್ತಾರೆ. ಎನ್‌ಪಿಎಚ್‌ನಲ್ಲಿ ಶಂಟ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಆ ಕೋಣೆಗಳು ಕಣ್ಣಿಗೆ ಕಾಣುವಷ್ಟು ಚಿಕ್ಕದಾಗಲೇಬೇಕೆಂದಿಲ್ಲ. ಹಳೆಯದರ ಪಕ್ಕ ಇಟ್ಟು ನೋಡಿದರೆ ಮಾತ್ರ ಅರ್ಥ.

ವಾಲ್ವಿನ ನಂಬರ್ ಬಗ್ಗೆ ಎಲ್ಲರೂ ತಲೆಕೆಳಗಾಗಿ ತಿಳಿದುಕೊಂಡಿರುತ್ತಾರೆ. ನಂಬರ್ ಏರಿದರೆ ವಾಲ್ವ್ ತೆರೆಯಲು ಹೆಚ್ಚು ಒತ್ತಡ ಬೇಕು, ಅಂದರೆ ನೀರು ಕಡಿಮೆ ಹೋಗುತ್ತದೆ. ನಿಮ್ಮ ವಾಲ್ವಿನಲ್ಲಿ 0.5, 1.0, 1.5, 2.0, 2.5 ಅಂತ ಐದು ಮೆಟ್ಟಿಲು. ಹೆಚ್ಚು ಇಳಿಯುತ್ತಿದ್ದರೆ ಏರಿಸುತ್ತಾರೆ. ಚರ್ಮದ ಮೇಲಿಂದ ಅಯಸ್ಕಾಂತದ ಉಪಕರಣ ಇಟ್ಟು ಮಾಡುವ ಐದು ನಿಮಿಷದ ಕೆಲಸ, ಸೂಜಿ ಇಲ್ಲ. ಆದರೆ ಒಂದು ಕಂಪನಿಯ ಉಪಕರಣ ಇನ್ನೊಂದರ ವಾಲ್ವಿಗೆ ನಡೆಯುವುದಿಲ್ಲ. ಹೊರಡುವ ಮೊದಲೇ "ಈ ವಾಲ್ವಿನ ಸೆಟ್ಟಿಂಗ್ ಉಪಕರಣ ಇದೆಯಾ, ಮಾಡುವವರು ಆ ದಿನ ಇರುತ್ತಾರಾ" ಅಂತ ಫೋನಿನಲ್ಲಿ ಕೇಳಿ.

ಈ ಕೆಳಗಿನದರಲ್ಲಿ ಒಂದು ಕಂಡರೂ ಫೋನು, ಅಪಾಯಿಂಟ್‌ಮೆಂಟು, ರೈಲು ಯಾವುದಕ್ಕೂ ಕಾಯಬೇಡಿ. 108 ಕರೆದು ಸಿಟಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ: ಎಬ್ಬಿಸಿದರೂ ಮಂಪರು ಬಿಡದಿರುವುದು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಒಂದು ಕೈಯೋ ಕಾಲೋ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬೀಳುವ ಹಾಗೆ ಬಿದ್ದದ್ದು. ಜ್ವರದ ಜೊತೆ ಹೊಟ್ಟೆನೋವು ಅಥವಾ ಕುತ್ತಿಗೆ ಬಿಗಿ, ಪೈಪಿನ ದಾರಿಯುದ್ದಕ್ಕೂ ಕೆಂಪು, ಗಾಯದಿಂದ ತಿಳಿನೀರು ಜಿನುಗುವುದು, ಇವು ಸೋಂಕಿನ ಲಕ್ಷಣ. ಸೋಂಕು ಬರುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ.

ಹರಿಹರ_ಕಾಕಾ

ನಮ್ಮ ಪರಿಚಯದವರಿಗೆ ಕಿವಿ ಹಿಂದಿನ ಗುಂಡಿಯನ್ನು ದಿನಾ ಇಪ್ಪತ್ತು ಸಲ ಒತ್ತಲು ಹೇಳಿದ್ದರು. ಪೈಪ್ ಕಟ್ಟಿಕೊಳ್ಳುವುದಿಲ್ಲವಂತೆ. ನೀವೂ ಮಾಡಿ ನೋಡಿ.

ನ್ಯೂರೋವಾರ್ಡ್_ಸಿಸ್ಟರ್

ದಯವಿಟ್ಟು ಮಾಡಬೇಡಿ. ಒತ್ತುವ ಗುಬುಟು ಇರುವ ಕೆಲವು ಶಂಟ್‌ಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ಸರ್ಜನ್ ಹೀಗೆ ಹೇಳಿರಬಹುದು. ಆ ರೋಗಿಗೆ, ಆ ವಾಲ್ವಿಗೆ ಕೊಟ್ಟ ಸೂಚನೆ ಅದು. ಇಲ್ಲಿ ನೀರು ಹೆಚ್ಚಾಗಿ ಇಳಿಯುತ್ತಿರಬಹುದು ಅನ್ನುವ ಸಂಶಯವೇ ಇರುವಾಗ ಒತ್ತಿ ಒತ್ತಿ ಇನ್ನಷ್ಟು ಎಳೆದರೆ ಏನಾಗುತ್ತದೆ? ಒತ್ತಿದ್ದು ಮತ್ತೆ ಉಬ್ಬಿತು ಅಂದ ಮಾತ್ರಕ್ಕೆ ಶಂಟ್ ಸರಿ ಇದೆ ಅಂತಲೂ ಅಲ್ಲ.

ತುಂಗಾತೀರ

ಸಿಸ್ಟರ್‌ಗೆ ಕೃತಜ್ಞತೆ. ನಿನ್ನೆ ಸಿಟಿ ಆಯಿತು. ಎರಡೂ ಬದಿ ತೆಳುವಾದ ನೀರಿನ ಪದರ ಇದೆ, ರಕ್ತ ಇಲ್ಲ. ಚಿತ್ರಗಳನ್ನು ಸರ್ಜನ್‌ಗೆ ಕಳಿಸಿದೆವು, ಶುಕ್ರವಾರ ಬರಲು ಹೇಳಿದ್ದಾರೆ, 2.0ಕ್ಕೆ ಏರಿಸುತ್ತಾರಂತೆ. ಅಲ್ಲಿಯವರೆಗೆ ಹೆಚ್ಚು ಮಲಗಿರಲಿ ಅಂದಿದ್ದಾರೆ. ಏರಿಸಿದರೆ ನಡಿಗೆ ಮತ್ತೆ ಕೆಡುತ್ತದೆಯೇ ಅನ್ನುವುದೇ ಈಗಿನ ಚಿಂತೆ.

ಹೆಜ್ಜೆಗುರುತು (ಫಿಸಿಯೋಥೆರಪಿ)

ಸ್ವಲ್ಪ ಕೆಡಬಹುದು, ಕೆಡದೆಯೂ ಇರಬಹುದು. ಅದನ್ನು ಹೇಳಬೇಕಾದವರು ನೀವೇ. ಸರ್ಜನ್ ನೋಡುವುದು ತಿಂಗಳಿಗೆ ಹತ್ತು ನಿಮಿಷ. "ಪರವಾಗಿಲ್ಲ, ಸುಮಾರಾಗಿ ನಡೀತಾಳೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಏರಿಸುವ ಮೊದಲು 20 ಸೆಕೆಂಡ್ 26 ಹೆಜ್ಜೆ, ಏರಿಸಿದ ಮೂರನೇ ವಾರ 25 ಸೆಕೆಂಡ್ 33 ಹೆಜ್ಜೆ" ಅಂದರೆ ಮುಂದಿನ ಸೆಟ್ಟಿಂಗ್ ಅಲ್ಲೇ ನಿರ್ಧಾರವಾಗುತ್ತದೆ. ಅದಕ್ಕೆ ಶುಕ್ರವಾರಕ್ಕೆ ಮುಂಚೆಯೇ ಒಂದು ಅಳತೆ ತೆಗೆದಿಡಿ, ತಲೆನೋವಿಲ್ಲದ ಹೊತ್ತಿನಲ್ಲಿ.

ಅಳೆಯುವ ಕ್ರಮ: ಟೇಪಿನಲ್ಲಿ 10 ಮೀಟರ್ ಅಳೆದು ಎರಡೂ ತುದಿಗೆ ಗುರುತು ಹಾಕಿ. ಮೊದಲ ಗುರುತಿಗಿಂತ ಎರಡು ಹೆಜ್ಜೆ ಹಿಂದಿನಿಂದ ಶುರು, ಕೊನೆಯ ಗುರುತು ದಾಟಿ ಎರಡು ಹೆಜ್ಜೆ ಮುಂದೆ ನಿಲ್ಲುವುದು. ಗುರುತಿನ ನಡುವಿನ ಸಮಯ ಮಾತ್ರ ಫೋನಿನ ಸ್ಟಾಪ್‌ವಾಚಿನಲ್ಲಿ. ಹೆಜ್ಜೆ ಬಾಯಲ್ಲಿ ಎಣಿಸಬೇಡಿ, ಅವರು ನಿಮ್ಮ ಎಣಿಕೆಯ ತಾಳಕ್ಕೆ ಹೆಜ್ಜೆ ಹಾಕಿಬಿಡುತ್ತಾರೆ. ಎರಡು ಸಲ ನಡೆಸಿ ಸರಾಸರಿ ಬರೆಯಿರಿ. ಮನೆಯಲ್ಲಿ 10 ಮೀಟರ್ ಜಾಗ ಇಲ್ಲದಿದ್ದರೆ ಇನ್ನೊಂದು ವಿಧಾನ: ಕೈ ಇರುವ ಕುರ್ಚಿಯಿಂದ ಎದ್ದು 3 ಮೀಟರ್ ಹೋಗಿ ತಿರುಗಿ ಬಂದು ಕೂರುವುದು. ಯಾವುದನ್ನು ಆರಿಸಿದರೂ ಪ್ರತಿ ವಾರ ಅದನ್ನೇ ಮಾಡಿ. ಅದೇ ಚಪ್ಪಲಿ, ಅದೇ ಹೊತ್ತು. ತಿಂಗಳಿಗೊಮ್ಮೆ ಮುಂದಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೋ, ತಿರುಗುವುದೂ ಕಾಣುವ ಹಾಗೆ.

ಎರಡು ವಾರ ಸತತವಾಗಿ ಐದನೇ ಒಂದು ಭಾಗದಷ್ಟು ನಿಧಾನವಾದರೆ, ಅಂದರೆ 20 ಇದ್ದದ್ದು 24 ದಾಟಿದರೆ, ಫೋನ್ ಮಾಡಿ. ಇದು ನಾನು ಮನೆಯವರಿಗೆ ಹೇಳುವ ಲೆಕ್ಕ, ಶಾಸ್ತ್ರವಲ್ಲ. ಫೋನಿಗೆ ಮುಂಚೆ ಮೂತ್ರದ ಸೋಂಕು, ಮಲಬದ್ಧತೆ, ಮಂಡಿನೋವು, ಹೊಸ ನಿದ್ದೆಮಾತ್ರೆ ಇದ್ಯಾವುದಾದರೂ ಇದೆಯೇ ನೋಡಿಕೊಳ್ಳಿ. ದೊಡ್ಡವರ ಎನ್‌ಪಿಎಚ್ ಶಂಟ್ ಕಟ್ಟಿಕೊಂಡರೆ ಮಕ್ಕಳಲ್ಲಿ ಆದಂತೆ ಒಂದೇ ದಿನದಲ್ಲಿ ಅಬ್ಬರಿಸುವುದು ಅಪರೂಪ. ನಡಿಗೆ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ. ದಿನಾ ಜೊತೆಗಿರುವವರಿಗೇ ಅದು ಕಣ್ಣಿಗೆ ಬೀಳುವುದಿಲ್ಲ, ಪುಸ್ತಕಕ್ಕೆ ಬೀಳುತ್ತದೆ.

ಈಗ ನಡೆಸುವ ಬಗೆ. ಇವರಿಗೆ ಕಾಲಿನಲ್ಲಿ ಬಲ ಇರುತ್ತದೆ. ಮಲಗಿಸಿ ಸೈಕಲ್ ತುಳಿದಂತೆ ಮಾಡಿ ಅಂದರೆ ಚೆನ್ನಾಗಿಯೇ ಮಾಡುತ್ತಾರೆ. ನಿಂತಾಗ ಮಾತ್ರ ಪಾದ ನೆಲಕ್ಕೆ ಗೋಂದು ಹಚ್ಚಿದ ಹಾಗೆ. "ಕಾಲು ಎತ್ತೆ, ಎತ್ತೆ" ಅಂತ ಗದರಿದರೆ ಇನ್ನೂ ಅಂಟಿಕೊಳ್ಳುತ್ತದೆ. ಎದುರಿಗೆ ನಿಂತು ಎರಡೂ ಕೈ ಹಿಡಿದು ಎಳೆಯುವುದು ಎಲ್ಲಾ ಮನೆಯಲ್ಲೂ ಮಾಡುವ ತಪ್ಪು. ದೇಹ ಮುಂದೆ ಬರುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ಇಬ್ಬರೂ ಬೀಳುತ್ತೀರಿ. ನೀವು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಬೇಕು. ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಹಿಂಬದಿಯಲ್ಲಿ ಹಿಡಿಯಿರಿ. ಹೊಟ್ಟೆಯ ಗಾಯದ ಮೇಲೆ ಬಕಲ್ ಬರದ ಹಾಗೆ. ಕಾಲು ಅಂಟಿತು ಅಂದರೆ ನಿಲ್ಲಿಸಿ, ಭಾರವನ್ನು ಎಡಕ್ಕೆ ಬಲಕ್ಕೆ ಒಂದೆರಡು ಸಲ ತೂಗಿಸಿ, ಆಮೇಲೆ "ಬಲಗಾಲು" ಅನ್ನಿ.

ನೆಲದ ಮೇಲೆ ಬಣ್ಣದ ಪಟ್ಟಿ ಹಾಕಿ ಅಂತ ವಿಡಿಯೋಗಳಲ್ಲಿ ನೋಡಿರುತ್ತೀರಿ. ಪಾರ್ಕಿನ್ಸನ್ ಇರುವವರಿಗೆ ಅದು ಜಾದೂ ಥರ. ಎನ್‌ಪಿಎಚ್‌ನಲ್ಲಿ ಅಷ್ಟು ಫಲ ಇಲ್ಲ. ಬಾಗಿಲ ಸಂದಿ, ಬಚ್ಚಲಿನ ತಿರುವು ಹೀಗೆ ಅಂಟಿಕೊಳ್ಳುವ ಒಂದೆರಡು ಕಡೆ ಹಾಕಿ ನೋಡಿ, ಆಗದಿದ್ದರೆ ಬಿಡಿ. ತಿರುಗುವಾಗಲೇ ಹೆಚ್ಚು ಬೀಳುವುದು. ನಿಂತಲ್ಲೇ ಗಿರಕಿ ಹೊಡೆಯುವ ಬದಲು ಎತ್ತು ಗಾಣದ ಸುತ್ತ ಬಂದ ಹಾಗೆ ದೊಡ್ಡ ಸುತ್ತು ಹಾಕಿ ತಿರುಗಲಿ.

ಕುರ್ಚಿಯಿಂದ ಏಳುವುದು: ಅಂಚಿಗೆ ಸರಿದು, ಪಾದ ಮಂಡಿಗಿಂತ ಹಿಂದೆ ತಂದು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಬಗ್ಗಿ, ಕುರ್ಚಿಯ ಕೈ ಒತ್ತಿ ಏಳಬೇಕು. ಎದ್ದ ಮೇಲೆ ಹತ್ತು ಎಣಿಸಿ ಆಮೇಲೆ ಹೆಜ್ಜೆ. ಕುರ್ಚಿ 18 ಇಂಚು ಎತ್ತರ ಇರಲಿ. ಮೆತ್ತಗೆ ಕುಸಿಯುವ ಸೋಫಾ ಬೇಡವೇ ಬೇಡ.

ಎತ್ತಿ ಎತ್ತಿ ಇಡುವ ನಾಲ್ಕು ಕಾಲಿನ ವಾಕರ್ ಕೊಂಡುಬಿಟ್ಟಿರುತ್ತೀರಿ. ಎತ್ತು, ಇಡು, ಹೆಜ್ಜೆ ಅನ್ನುವ ಮೂರು ಕೆಲಸ ಒಟ್ಟಿಗೆ ತಲೆಯಲ್ಲಿ ನಡೆಯಬೇಕು, ಇವರಿಗೆ ಕಷ್ಟವಾಗುವುದೇ ಅದು. ಮುಂದಿನ ಎರಡು ಕಾಲಿಗೆ ಚಕ್ರ ಇರುವುದು ಒಳ್ಳೆಯದು. ನಾಲ್ಕೂ ಚಕ್ರದ್ದು ಮುಂದಕ್ಕೆ ಓಡಿಬಿಡುತ್ತದೆ, ಬ್ರೇಕ್ ಹಿಡಿಯುವುದು ನೆನಪಿರುವುದಿಲ್ಲ. ಹವಾಯಿ ಚಪ್ಪಲಿ ತೆಗೆದುಹಾಕಿ, ಹಿಮ್ಮಡಿ ಮುಚ್ಚುವ, ಹಗುರ ಅಡಿಯ ಪಾದರಕ್ಷೆ ಹಾಕಿಸಿ. ದಪ್ಪ ರಬ್ಬರ್ ಅಡಿ ಬೇಡ, ಕಾಲು ಎಳೆದು ನಡೆಯುವವರಿಗೆ ಅದು ನೆಲ ಕಚ್ಚುತ್ತದೆ. ಬಾಗಿಲ ಬಳಿಯ ಕಾಲೊರಸು, ಹಾಲಿನ ಜಮಖಾನ ಎಲ್ಲಾ ಎತ್ತಿಡಿ. ಹೊಸ್ತಿಲು ಕೀಳಲಾಗದಿದ್ದರೆ ಅಂಚಿಗೆ ಹಳದಿ ಬಣ್ಣ ಬಳಿದು, ಬಾಗಿಲ ಚೌಕಟ್ಟಿಗೆ ಹಿಡಿ ಹಾಕಿಸಿ. ಬಚ್ಚಲಲ್ಲಿ ಹಿಡಿಕಂಬಿ ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ, ಗೋಡೆಗೆ ಬೋಲ್ಟ್ ಹೊಡೆಸಿ. ಗಾಳಿ ಹೀರಿ ಅಂಟುವ ಹಿಡಿ ನಂಬಬೇಡಿ. ಟವೆಲ್ ಕಂಬಿಯನ್ನು ಹಿಡಿದೇ ಹಿಡಿಯುತ್ತಾರೆ, ಅದನ್ನೂ ಗಟ್ಟಿ ಮಾಡಿಸಿ, ಇಲ್ಲಾ ಕಿತ್ತುಹಾಕಿ.

ಉಣಕಲ್_ಕೆರಿ

ಮೂತ್ರದ ವಿಷಯ ಯಾರೂ ಮುಟ್ಟಲಿಲ್ಲ, ನಾ ಬರೀತೀನ್ರಿ.

ಇದು ಕೆಮ್ಮಿದಾಗ ಜಾರೋ ಥರದ್ದಲ್ಲ. ಮೂತ್ರದ ಚೀಲ ತುಂಬಿದ್ರೂ ತಡ್ಕೊ ಅಂತ ಹೇಳೋ ಮಿದುಳಿನ ಭಾಗ ಸಡಿಲಾಗಿರ್ತದ. "ಬಂತು" ಅನ್ನೋದಕ್ಕೂ ಆಗೋದಕ್ಕೂ ನಡುವ ಒಂದು ನಿಮಿಷ ಸಿಕ್ರ ದೊಡ್ಡದು. ಆ ಒಂದು ನಿಮಿಷದಾಗ ಕಾಲೂ ಏಳೂದಿಲ್ಲ, ಲಂಗದ ಲಾಡಿ ಗಂಟೂ ಬಿಚ್ಚೂದಿಲ್ಲ. ಹಂಗಾಗಿ ಅರ್ಧ ಔಷಧ ಬಟ್ಟ್ಯಾಗ, ಬಚ್ಚಲದ ದಾರ್ಯಾಗ ಐತಿ. ಮನ್ಯಾಗ ಸೀರಿ ಬದಲಿ ಪಾದದ ಮ್ಯಾಲೆ ನಾಕು ಇಂಚು ಇರೋ ನೈಟಿ, ಒಳಗ ಎಲಾಸ್ಟಿಕ್ ಇರೋದು ಹಾಕಸ್ರಿ. ಲಾಡಿ ಗಂಟು ಹೊಟ್ಟಿ ಗಾಯದ ಮ್ಯಾಲೆ ಒತ್ತೋದೂ ತಪ್ಪತದ.

ಮೂರು ದಿನ ಬರೀರಿ: ಎಷ್ಟು ಗಂಟೆಕ್ಕ ಹೋದ್ರು, ಎಷ್ಟು ಎಂಎಲ್, ಯಾವಾಗ ಬಟ್ಟ್ಯಾಗ ಆತು. ಕಮೋಡ್ ಕುರ್ಚಿ ಡಬ್ಬ್ಯಾಗಿಂದ ಅಳತಿ ಜಗ್ಗಿಗೆ ಹಾಕಿದ್ರ ಎಂಎಲ್ ಸಿಗತದ. ಎರಡು ತಾಸಿಗೊಮ್ಮೆ ಜಾರ್ತದ ಅಂದ್ರ ಒಂದೂವರಿ ತಾಸಿಗೆ ಅಲಾರಂ ಇಡ್ರಿ. ಒಂದು ವಾರ ಒಣಾ ಇದ್ರ ಹದಿನೈದು ನಿಮಿಷ ಮುಂದ ಹಾಕ್ರಿ. ಮತ್ತ "ಬಂದೈತೇನು?" ಅಂತ ಕೇಳಬ್ಯಾಡ್ರಿ. ಈ ರೋಗದಾಗ ಉತ್ಸಾಹನ ಇರೂದಿಲ್ಲ, ಕೇಳಿದ್ದಕ್ಕೆಲ್ಲಾ "ಇಲ್ಲ" ಅಂತಾರ. "ಏಳು, ಹೋಗಿ ಬರೋಣು" ಅನ್ರಿ.

ಕುಡಿಯೋ ನೀರು ಕಡಿಮಿ ಮಾಡೂದು ಎಲ್ಲಾರೂ ಮಾಡೋ ಶಾಣ್ಯಾತನ. ಮೂತ್ರ ಗಟ್ಟಿಯಾಗಿ ಚೀಲಕ್ಕ ಇನ್ನೂ ಉರಿ ಹತ್ತತದ, ಸೋಂಕು ಬರ್ತದ, ಮಲಬದ್ಧತಿ ಆಗತದ. ಹೃದಯದ ಡಾಕ್ಟರು ಮಿತಿ ಹಾಕಿರದಿದ್ರ ದಿನಕ್ಕ ಒಂದೂವರಿ ಲೀಟರ್ ಇರಲಿ, ಹೆಚ್ಚಿಂದು ಸಂಜಿ ಆರರೊಳಗ ಮುಗೀಲಿ. ನಾಕು ಗಂಟೆ ಮ್ಯಾಲೆ ಚಾ ಕಾಫಿ ಬ್ಯಾಡ. ಕಾಲು ಬಾವು ಇದ್ರ ಮಧ್ಯಾಹ್ನ ಒಂದು ತಾಸು ಕಾಲು ಮ್ಯಾಲೆ ಇಟ್ಟು ಮಲಗಸ್ರಿ. ಕಾಲಾಗ ಇಳಿದ ನೀರು ಹಗಲ ಹೊರಗ ಹೋಗತದ, ರಾತ್ರಿ ಎಬ್ಬಸೂದಿಲ್ಲ.

ಕಮೋಡ್ ಕುರ್ಚಿ ಮಂಚದ ಪಕ್ಕಕ್ಕ, ಅವ್ರು ಯಾವ ಕಡೆ ಇಳೀತಾರೋ ಆ ಕಡೆ, ಕಾಲಿಗೆ ರಬ್ಬರ್ ಬುಷ್ ಹಾಕಿದ್ದು. ರಾತ್ರಿ ದೀಪ ನೆಲದ ಹತ್ರ ಇರಲಿ, ಕಣ್ಣಿಗೆ ಹೊಡ್ಯೂದು ಬ್ಯಾಡ. ಡೈಪರ್ ಹಾಕಿದ್ರೂ ಟೈಮ್ ಬಿಡಬ್ಯಾಡ್ರಿ. ಒದ್ದಿ ಆದ ಕೂಡ್ಲೆ ತೊಳದು ಒತ್ತಿ ಒರಸಿ ಸತುವಿನ ಮುಲಾಮು ತೆಳ್ಳಗ ಹಚ್ರಿ. ಪೌಡರ್ ಮಡಿಕ್ಯಾಗ ಗಂಟು ಕಟ್ಟಿ ಚರ್ಮ ಕೆತ್ತತದ.

ಮಾತ್ರಿ ಬಗ್ಗೆ ಒಂದ ಮಾತು: ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್ ಥರದವು ಚೀಲ ಶಾಂತ ಮಾಡತಾವ, ಆದ್ರ ನೆನಪಿಗೆ ಮಂಕು ಬಡಸತಾವ, ಮಲ ಬಿಗಿ ಮಾಡತಾವ. ಯಾರರೆ ಬರದು ಕೊಟ್ರ ಮಿರಾಬೆಗ್ರಾನ್ ನಡೀತದೇನು ಅಂತ ಕೇಳ್ರಿ. ಅದಕ್ಕ ಬಿಪಿ ನೋಡ್ತಿರಬೇಕು. ಮಾತ್ರಿಗಿಂತ ಮೊದಲ ಮೂತ್ರ ಹೋದ ಮ್ಯಾಲೆ ಒಳಗ ಎಷ್ಟು ಉಳದೈತಿ ಅಂತ ಸ್ಕ್ಯಾನ್ ಮಾಡಸ್ರಿ. ಒಮ್ಮೆಲೆ ಜಾಸ್ತಿ ಆತು ಅಂದ್ರ ಶಂಟ್ ಕೆಟ್ಟೈತಿ ಅನ್ನೋಕಿಂತ ಮೊದಲ ಮೂತ್ರ ಪರೀಕ್ಷಾ. ಮೂರು ದಿನ ಮಲ ಆಗಿಲ್ಲಂದ್ರ ಅದನ್ನೂ ಬಿಡಬ್ಯಾಡ್ರಿ. ಪೈಪಿನ ಇನ್ನೊಂದು ತುದಿ ಹೊಟ್ಟ್ಯಾಗ ಐತಿ, ಹೊಟ್ಟಿ ಬಿಗದ್ರ ನೀರು ಇಳ್ಯೂದೂ ತಡೀತದ.

ಸಾಮಾನ್ಯವಾಗಿ ನಡಿಗಿ ಮೊದಲ ಸುಧಾರಸ್ತದ, ಮೂತ್ರ, ನೆನಪು ಹಿಂದಿಂದ, ನಿಧಾನಕ. ಐದು ವಾರಕ್ಕ ಕೈ ಚೆಲ್ಲಬ್ಯಾಡ್ರಿ.

ತುಂಗಾತೀರ

ಶುಕ್ರವಾರ 2.0 ಮಾಡಿದರು. ಮೂರನೇ ದಿನದಿಂದ ತಲೆನೋವು ಇಲ್ಲ. ಒಂದು ತಿಂಗಳಿಗೆ ಮತ್ತೆ ಸಿಟಿ. ಆಸ್ಪಿರಿನ್ ಅಲ್ಲಿಯವರೆಗೆ ನಿಲ್ಲಿಸಲು ಇಬ್ಬರೂ ಡಾಕ್ಟರು ಒಪ್ಪಿದರು. ಕಮೋಡ್ ಕುರ್ಚಿ ತಂದೆ. ತಿರುಪತಿಯ ವಿಷಯ, ಮತ್ತೆ ಅಯಸ್ಕಾಂತದ ವಿಷಯ ಬಾಕಿ. ಮಗಳು ಮೊಬೈಲ್ ಕೊಡಲೇಬೇಡಿ ಅನ್ನುತ್ತಾಳೆ.

ನ್ಯೂರೋವಾರ್ಡ್_ಸಿಸ್ಟರ್

ಮೊಬೈಲ್ ಕೊಡಿ, ಎಡಗಿವಿಗೆ ಹಿಡಿಯಲಿ. ವಾಲ್ವ್ ಬಲಕ್ಕಿದೆ. ತೊಂದರೆ ಕೊಡುವುದು ಫೋನಿನ ಸಿಗ್ನಲ್ ಅಲ್ಲ, ಒಳಗಿನ ಸ್ಪೀಕರು, ಕವರ್ ಮುಚ್ಚುವ ಅಯಸ್ಕಾಂತ, ಹೆಡ್‌ಫೋನು. ಇವು ವಾಲ್ವಿನಿಂದ ಎರಡು ಇಂಚಿಗಿಂತ ದೂರ ಇದ್ದರೆ ಸಾಕು. ನಮ್ಮ ಕಡೆ ಮನೆಮನೆಗೆ ಬಂದು ಮಾರುವ ಮ್ಯಾಗ್ನೆಟಿಕ್ ದಿಂಬು, ಹಾಸಿಗೆ ಇದೆಯಲ್ಲ, ಅದನ್ನು ಮಾತ್ರ ಮನೆಯಿಂದಲೇ ಹೊರಗೆ ಹಾಕಿ. ರಾತ್ರಿಯಿಡೀ ವಾಲ್ವ್ ಅದರ ಮೇಲೇ ಇರುತ್ತದೆ. ಮೈಕ್ರೋವೇವ್, ವಿಮಾನ ನಿಲ್ದಾಣದ ಬಾಗಿಲು ಇವುಗಳಿಂದ ಸೆಟ್ಟಿಂಗ್ ಬದಲಾಗುವುದಿಲ್ಲ. ಎಂಆರ್‌ಐ ಮಾಡಿಸಬಹುದು, ಆದರೆ ನಿಮ್ಮ ವಾಲ್ವಿನ ಸೆಟ್ಟಿಂಗ್ ಎಂಆರ್‌ಐ ಆದ ಮೇಲೆ ಪರೀಕ್ಷಿಸಿ ಮತ್ತೆ ಕೂರಿಸಲೇಬೇಕು. ಹೊಸ ಮಾದರಿಯ ಕೆಲವು, ಉದಾಹರಣೆಗೆ ಸರ್ಟಾಸ್ ಪ್ಲಸ್, ಪ್ರೊಗಾವ್, ಎಂಆರ್‌ಐಗೆ ಜಗ್ಗದ ಹಾಗೆ ಮಾಡಿದ್ದಾರೆ. ನಮ್ಮಲ್ಲಿ ಬಹಳ ಬಳಸುವ ಶಹಜಹಾನ್‌ಪುರದ ಛಾಬ್ರಾ ಶಂಟ್‌ನ ಸಾಮಾನ್ಯ ಮಾದರಿಗೆ ಬದಲಿಸುವ ಸೆಟ್ಟಿಂಗೇ ಇಲ್ಲ, ಹಾಗಾಗಿ ಆ ಚಿಂತೆ ಅವರಿಗಿಲ್ಲ. ಸೆಟ್ಟಿಂಗ್ ಉಪಕರಣ ಇಲ್ಲದ ಊರಲ್ಲಿ ಮಂಡಿನೋವಿಗೆ ಅಂತ ಎಂಆರ್‌ಐ ಮಾಡಿಸಿಬಿಡಬೇಡಿ, ಅಷ್ಟೇ.

ಮುಡಿ: ಕೂದಲು ತೆಗೆದರೆ ಶಂಟ್‌ಗೆ ಏನೂ ಆಗುವುದಿಲ್ಲ, ಬ್ಲೇಡಿನ ಗೀರಿಗೆ ಹೆದರಬೇಕು. ವಾಲ್ವಿನ ಮೇಲೆ ಚರ್ಮ ಬಿಗಿಯಾಗಿ ತೆಳುವಾಗಿರುತ್ತದೆ, ಉಬ್ಬು ಬೇರೆ. ಕಲ್ಯಾಣಕಟ್ಟೆಯ ವೇಗದಲ್ಲಿ ಅಲ್ಲಿ ಗೀರು ಬಿದ್ದರೆ ಸೋಂಕು ನೇರ ವಾಲ್ವಿಗೆ, ಅಲ್ಲಿಂದ ಮಿದುಳಿಗೆ. ಈ ಮೊದಲ ತಿಂಗಳುಗಳಲ್ಲಿ ಬೇಡ. ಹರಕೆಗೆ ಮೂರು ಕತ್ತರಿ ಕೂದಲು ಕೊಡುವ ಪದ್ಧತಿ ಇದೆ, ಅದು ಸಾಕು. ಹೀಗೆ ನೀರಿನ ಪದರ ಇರುವಾಗ ಉಪವಾಸ ಮಾಡಿ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಿಸುವುದಂತೂ ಬೇಡ.

ಅದೇ ಕಾರಣಕ್ಕೆ ವಾರಕ್ಕೊಮ್ಮೆ ಕೂದಲು ಬಿಡಿಸಿ ವಾಲ್ವಿನ ಮೇಲಿನ ಚರ್ಮ ನೋಡಿ. ಮಿರಮಿರ ಹೊಳೆಯುವುದು, ಕೆಂಪಾಗುವುದು, ಹಕ್ಕಳೆ ಕಟ್ಟುವುದು ಕಂಡರೆ ಫೋಟೋ ತೆಗೆದು ಕಳಿಸಿ. ಎಣ್ಣೆ ಹಚ್ಚಬಹುದು, ಆ ಜಾಗ ಬಿಟ್ಟು, ತಿಕ್ಕದೆ. ತುರುಬು, ಕ್ಲಿಪ್ಪು, ಹೂ ಸಿಕ್ಕಿಸುವ ಹೇರ್‌ಪಿನ್ನು ಎಡಗಡೆಗೆ. ತಾಳಿಸರ ಕುತ್ತಿಗೆಯ ಪೈಪಿನ ಮೇಲೆ ಉಜ್ಜುತ್ತಿದ್ದರೆ ದಾರಕ್ಕೆ ಬದಲಿಸಿ. ಮಲಗುವಾಗ ಯಾವಾಗಲೂ ಬಲಮಗ್ಗುಲೇ ಆಗುವುದು ಬೇಡ. ಶೀರ್ಷಾಸನ ಬಿಡಿ. ಹಲ್ಲು ಕೀಳಿಸುವುದಿದ್ದರೆ ಶಂಟ್ ಇದೆ ಅಂತ ದಂತವೈದ್ಯರಿಗೆ ಹೇಳಿ. ಹೊಟ್ಟೆಗೆ ಹೋಗುವ ಶಂಟ್‌ಗೆ ಮುಂಚಿತ ಆಂಟಿಬಯಾಟಿಕ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಪಿತ್ತಕೋಶ, ಹರ್ನಿಯಾ ಥರ ಹೊಟ್ಟೆಯ ಆಪರೇಷನ್ ಬಂದರೆ ಮಾತ್ರ ನ್ಯೂರೋಸರ್ಜನ್‌ಗೆ ಮೊದಲೇ ತಿಳಿಸಬೇಕು.

ಡಿಸ್ಚಾರ್ಜ್ ಕಾಗದದ ಜೊತೆ ವಾಲ್ವಿನ ಸ್ಟಿಕರ್ ಅಂಟಿಸಿರುತ್ತಾರೆ, ಮಾಡೆಲ್, ಲಾಟ್ ನಂಬರ್ ಇರುವುದು. ಅದರ ಫೋಟೋ, ಈಗಿನ ಸೆಟ್ಟಿಂಗ್ ಮತ್ತು ತಾರೀಖು, ಮಾತ್ರೆಗಳ ಪಟ್ಟಿ ಒಂದು ಕಾರ್ಡಿನಲ್ಲಿ ಬರೆದು ಅವರ ಪರ್ಸಿನಲ್ಲಿಡಿ. ನಿಮ್ಮ ಪರ್ಸಿನಲ್ಲಿ ಇನ್ನೊಂದು.

ಕಡತದ_ಕೆಲಸ

ಖರ್ಚಿನ ಬಗ್ಗೆ ಯಾರಾದರೂ ಮುಂದೆ ಓದುವವರಿಗೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದಕ್ಕೂ ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಪಡೆದು ಮುಂದಕ್ಕೆ. ಬದಲಿಸಬಹುದಾದ ವಾಲ್ವ್ ಪ್ಯಾಕೇಜಿನೊಳಗೆ ಬರುತ್ತದೆಯೇ, ವ್ಯತ್ಯಾಸ ಎಷ್ಟು ಕಟ್ಟಬೇಕು ಅಂತ ಆಪರೇಷನ್ ತಾರೀಖು ಗೊತ್ತುಮಾಡುವ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೇಳಿ. ಹಿರಿಯರ ಸಹಾಯವಾಣಿ 14567.

ತುಂಗಾತೀರ

ನಾಲ್ಕು ವಾರದ ಲೆಕ್ಕ ಹಾಕುತ್ತಿದ್ದೇನೆ. ಏರಿಸುವ ಮುಂಚೆ 21 ಸೆಕೆಂಡ್, 27 ಹೆಜ್ಜೆ. ಆಮೇಲೆ ಪ್ರತಿ ಭಾನುವಾರ: 23, 24, 23, 23. ಹೆಜ್ಜೆ 29ರ ಆಸುಪಾಸು. ಮೂತ್ರ ಬಟ್ಟೆಯಲ್ಲಿ ದಿನಕ್ಕೆ ಒಂದು, ಹೆಚ್ಚೂಕಡಿಮೆ ಬೆಳಗಿನ ಜಾವ ಐದಕ್ಕೇ. ನಿನ್ನೆಯ ಸಿಟಿಯಲ್ಲಿ ಪದರ ಹೋಗಿದೆ. ಹೀಗಿರುವಾಗ ಮತ್ತೆ 1.5ಕ್ಕೆ ಇಳಿಸುತ್ತಾರೆಯೇ?

ಹೆಜ್ಜೆಗುರುತು

21ರಿಂದ 23 ಅಂದರೆ ದೊಡ್ಡ ನಷ್ಟ ಅಲ್ಲ, ಆಪರೇಷನ್‌ಗೆ ಮುಂಚಿನ 31 ನೆನಪಿಸಿಕೊಳ್ಳಿ. ಆ ಎರಡು ಸೆಕೆಂಡ್ ವ್ಯಾಯಾಮದಲ್ಲೂ ಬರಬಹುದು. ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ದಿನಕ್ಕೆ ಎರಡು ಹೊತ್ತು ಶುರುಮಾಡಿ. ಐದು ಗಂಟೆಯ ಒದ್ದೆಗೆ ನಾಲ್ಕೂವರೆಗೆ ಅಲಾರಂ.

ನ್ಯೂರೋವಾರ್ಡ್_ಸಿಸ್ಟರ್

ಇಳಿಸುವುದು ಬಿಡುವುದು ಸರ್ಜನ್ ತೀರ್ಮಾನ. ಕೆಲವರು ಸ್ವಲ್ಪ ಕಾದು ನೋಡುತ್ತಾರೆ, ಪದರ ಒಮ್ಮೆ ಬಂದಿರುವುದರಿಂದ ಅದೇ ಸರಿ ಅಂತ ನನಗೂ ಅನ್ನಿಸುತ್ತದೆ. ಆಸ್ಪಿರಿನ್ ಯಾವಾಗ ಶುರುಮಾಡಬೇಕು ಅಂತ ಅದೇ ದಿನ ಕೇಳಿ, ಇಲ್ಲದಿದ್ದರೆ ಮರೆತೇ ಹೋಗುತ್ತದೆ. ಒಂದು ವೇಳೆ ಇಳಿಸಿದರೆ ಪುಸ್ತಕದಲ್ಲಿ ಹೊಸ ಪುಟ ತೆಗೆದು ಮೇಲೆ ತಾರೀಖು, ಸೆಟ್ಟಿಂಗ್ ಬರೆಯಿರಿ. ಮೊದಲ ಎರಡು ವಾರ ಬೆಳಿಗ್ಗೆ ಹತ್ತು ಗಂಟೆಗೆ ತಲೆನೋವು ಇದೆಯೋ ಇಲ್ಲವೋ ಅಂತ ದಿನಾ ಒಂದು ಸಾಲು ಇರಲಿ. ಪರ್ಸಿನ ಕಾರ್ಡಿನಲ್ಲೂ ನಂಬರ್ ತಿದ್ದಿ.